ಜೀವಕೋಶದ ಒಳಚೌಕಟ್ಟು ಮತ್ತು ಪರಾವಲಂಬಿಗಳು: ಓದುಗರ ಐದು ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಜೀವಕೋಶಕ್ಕೆ ಆಕಾರ, ಬಿಗಿ ಮತ್ತು ಚಲನೆ ಕೊಡುವ ಪ್ರೋಟೀನ್ ಎಳೆಗಳ ಚೌಕಟ್ಟನ್ನು ಪಠ್ಯಪುಸ್ತಕಗಳು ಸೈಟೋಸ್ಕೆಲಿಟನ್ ಎನ್ನುತ್ತವೆ. ಕೋಶದೊಳಗೆ ಬದುಕುವ ಪರಾವಲಂಬಿಗಳಿಗೆ ಅದು ಅಡ್ಡಿಯೋ ಅನುಕೂಲವೋ ಎಂಬುದೇ ಈ ಪತ್ರಗಳ ಒಟ್ಟು ಕುತೂಹಲ. ವಿದ್ಯಾರ್ಥಿಗಳ ಜೊತೆ ಒಬ್ಬ ತಾಯಿ ಮತ್ತು ಒಬ್ಬ ಹೈನುಗಾರರು ಕೂಡ ಬರೆದಿರುವುದರಿಂದ, ಅವರ ಮನೆ ಮತ್ತು ಕೊಟ್ಟಿಗೆಗೆ ತಾಗುವ ಮಾತುಗಳನ್ನು ಸ್ವಲ್ಪ ಬಿಡಿಸಿಯೇ ಬರೆದಿದ್ದೇನೆ.

ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹೊರಗಿನದನ್ನು ನುಂಗುವ ಶಕ್ತಿಯೂ ಇಲ್ಲ. ಹಾಗಿದ್ದರೆ ಮಲೇರಿಯಾ ಪರಾವಲಂಬಿ ಅದರೊಳಗೆ ಹೋಗುವುದು ಹೇಗೆ? ಆ ಕಣದ ಚೌಕಟ್ಟಿಗೆ ಇದರಲ್ಲಿ ಪಾತ್ರವಿದೆಯೇ? — ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಮೊದಲು ಕೆಂಪು ರಕ್ತಕಣದ ಚೌಕಟ್ಟು ಹೇಗಿದೆ ಎಂದು ನೋಡೋಣ. ಸುಮಾರು 8 ಮೈಕ್ರೋಮೀಟರ್ ಅಗಲದ ಈ ಕಣವು ತನಗಿಂತ ಕಿರಿದಾದ ಲೋಮನಾಳಗಳಲ್ಲಿ ಮಡಚಿಕೊಂಡು ನುಸುಳಿ, ಹೊರಬಂದ ಮೇಲೆ ಮತ್ತೆ ತಟ್ಟೆಯ ಆಕಾರಕ್ಕೆ ಮರಳುತ್ತದೆ. ಸುಮಾರು 120 ದಿನ ಹರಿಯದೆ ಈ ಕೆಲಸ ಮಾಡಲು ಅದಕ್ಕೆ ಸಾಧ್ಯವಾಗುವುದು ಪೊರೆಯ ಒಳಮೈಗೆ ಹೊಲಿದಂತೆ ಅಂಟಿಕೊಂಡಿರುವ ಒಂದು ಬಲೆಯಿಂದ. ಬಲೆಯ ದಾರ ಸ್ಪೆಕ್ಟ್ರಿನ್ ಎಂಬ ಉದ್ದನೆಯ ಪ್ರೋಟೀನ್. ಗಂಟುಗಳು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನ್ ಎಳೆಯ ಬಹಳ ಗಿಡ್ಡ ತುಂಡುಗಳು. ಸಾಮಾನ್ಯವಾಗಿ ಒಂದೊಂದು ಗಂಟಿನಲ್ಲಿ ಆರು ದಾರಗಳು ಸೇರುವುದರಿಂದ ಬಲೆಯ ಕಣ್ಣುಗಳು ಮೂಲೆಯಿಂದ ಮೂಲೆಗೆ ಒಂದೇ ಅಂದದಲ್ಲಿ ಹೆಣೆದುಕೊಂಡಿರುತ್ತವೆ. ಈ ಬಲೆಯನ್ನು ಪೊರೆಗೆ ಹಿಡಿದಿಡುವ ಗೂಟಗಳು ಎರಡು ಬಗೆಯವು: ಆಂಕಿರಿನ್ ಎಂಬ ಕೊಂಡಿ ಪ್ರೋಟೀನಿನ ಮೂಲಕ ಕಟ್ಟಿಕೊಂಡ ಬ್ಯಾಂಡ್ 3 ಪ್ರೋಟೀನ್, ಮತ್ತು ಗಂಟುಗಳ ಬಳಿ ನಿಲ್ಲುವ ಗ್ಲೈಕೋಫೋರಿನ್ ಸಿ.

ಈಗ ಒಳಹೊಗುವ ಗಳಿಗೆಗೆ ಬರುತ್ತೇನೆ. ರಕ್ತದಲ್ಲಿ ಬಿಡುಗಡೆಯಾಗುವ ಮೆರೊಜೊಯಿಟ್, ಅಂದರೆ ಕೆಂಪು ಕಣವನ್ನು ಹೊಗುವ ಹಂತದ ಮಲೇರಿಯಾ ಪರಾವಲಂಬಿ, ಸುಮಾರು ಒಂದೂವರೆ ಮೈಕ್ರೋಮೀಟರ್ ಉದ್ದದ, ಮೊಟ್ಟೆಯಾಕಾರದ ಪುಟ್ಟ ಜೀವಿ, ಮತ್ತು ಹೊರಗೆ ಅದರ ಕಸುವು ಕೆಲವೇ ನಿಮಿಷ ಉಳಿಯುತ್ತದೆ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಹಚ್ಚಿ ತೆಗೆದ ಚಿತ್ರಣಗಳಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಅದು ಕೆಂಪು ಕಣಕ್ಕೆ ತಾಗಿದ ಕೂಡಲೇ, ನೀರಿಗೆ ಕಲ್ಲು ಬಿದ್ದಂತೆ, ಕಣದ ಮೇಲ್ಮೈ ಅಲೆಯಾಡಿ ಪರಾವಲಂಬಿಯ ಸುತ್ತ ಬಾಗುತ್ತದೆ. ಪರಾವಲಂಬಿ ತಿರುಗಿ ತನ್ನ ಚೂಪು ತುದಿಯನ್ನು ಪೊರೆಗೆ ಒತ್ತುತ್ತದೆ, ಅಲ್ಲಿ ಒಂದು ಬಿಗಿಯಾದ ಉಂಗುರ ಮೂಡುತ್ತದೆ, ಮತ್ತು ಅರೆ ನಿಮಿಷದ ಆಸುಪಾಸಿನಲ್ಲಿ ಅದು ಒಳಗಿರುತ್ತದೆ. ಆಮೇಲೆ ಕೆಂಪು ಕಣ ಕೆಲವು ನಿಮಿಷ ಮುಳ್ಳುಮುಳ್ಳಾಗಿ ಸುಕ್ಕುಗಟ್ಟಿ, ಬಳಿಕ ಮೊದಲಿನ ಆಕಾರಕ್ಕೆ ಬರುತ್ತದೆ.

ಉಂಗುರದ ಕಟ್ಟಡ ಇನ್ನೊಂದು ಸೋಜಿಗ. ಪರಾವಲಂಬಿ ತನ್ನದೇ ಒಂದು ಪ್ರೋಟೀನನ್ನು ಮೊದಲು ಕೆಂಪು ಕಣದ ಪೊರೆಗೆ ಚುಚ್ಚಿ, ತನ್ನ ಮೈಮೇಲಿನ ಇನ್ನೊಂದು ಪ್ರೋಟೀನಿನಿಂದ ಅದನ್ನೇ ಹಿಡಿದುಕೊಳ್ಳುತ್ತದೆ. ಹಿಡಿಯನ್ನೂ ಹಿಡಿಕೆಯನ್ನೂ ತಾನೇ ತಂದಿರುತ್ತದೆ ಎನ್ನಬಹುದು. ತಳ್ಳುವ ಬಲವೂ ಅದರದೇ. ಆಕ್ಟಿನ್ ಎಳೆ ಬೆಳೆಯದಂತೆ ತಡೆಯುವ ಸೈಟೋಕಲಾಸಿನ್ ಎಂಬ ಶಿಲೀಂಧ್ರಜನ್ಯ ರಾಸಾಯನಿಕವನ್ನು ಮೆರೊಜೊಯಿಟ್‌ಗೆ ಹಾಕಿದರೆ ಅದು ಕಣಕ್ಕೆ ಅಂಟುತ್ತದೆ, ಉಂಗುರವನ್ನೂ ಕಟ್ಟುತ್ತದೆ, ಆದರೆ ಒಳಗೆ ಹೋಗದೆ ಹೊಸ್ತಿಲಲ್ಲೇ ನಿಲ್ಲುತ್ತದೆ. 1979ರಲ್ಲೇ ಇದನ್ನು ತೋರಿಸಲಾಗಿತ್ತು.

ಈ ಕಾರಣದಿಂದ ಬಹಳ ಕಾಲ ಕೆಂಪು ಕಣವನ್ನು ಸುಮ್ಮನೆ ನುಗ್ಗಿಸಿಕೊಳ್ಳುವ ಚೀಲವೆಂದೇ ಎಣಿಸಲಾಗಿತ್ತು. ಆ ಎಣಿಕೆ ಪೂರ್ತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಪರಾವಲಂಬಿಯನ್ನು ಸುತ್ತಿಕೊಂಡು ಒಳಗೆ ಸೇರುವ ಪೊರೆಯ ಚೀಲದಲ್ಲಿ ಸ್ಪೆಕ್ಟ್ರಿನ್ ಇರುವುದಿಲ್ಲ. ಎಂದರೆ ಆ ಜಾಗದಲ್ಲಿ ಬಲೆ ಪೊರೆಯಿಂದ ಬಿಡಿಸಿಕೊಳ್ಳಲೇಬೇಕು. ಪರಾವಲಂಬಿಯ ಒಂದು ಪ್ರೋಟೀನ್, ಕಣದ ಹೊರಮೈಯ ಗ್ಲೈಕೋಫೋರಿನ್ ಎ ಎಂಬ ಪ್ರೋಟೀನಿಗೆ ಅಂಟಿದಾಗ, ಕಣದ ಒಳಗಿನ ಚೌಕಟ್ಟಿನ ಪ್ರೋಟೀನ್‌ಗಳ ಮೇಲಿನ ಫಾಸ್ಫೇಟ್ ಗುರುತುಗಳು ಬದಲಾಗಿ ಪೊರೆ ಬಾಗಲು ಸುಲಭವಾಗುತ್ತದೆಂಬುದನ್ನು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಬಾಗಿಲು ತಟ್ಟುವುದೇ ಬಾಗಿಲನ್ನು ಸಡಿಲಿಸುವ ಕ್ರಮವೂ ಆಗಿದೆ.

ಇದಕ್ಕೆ ಅತ್ಯಂತ ಬಲವಾದ ಸಾಕ್ಷಿ ಪ್ರಯೋಗಾಲಯಕ್ಕಿಂತ ಮನುಷ್ಯರಲ್ಲೇ ಸಿಕ್ಕಿದೆ. ಪೂರ್ವ ಆಫ್ರಿಕಾದಲ್ಲಿ, ಮುಖ್ಯವಾಗಿ ಕೆನ್ಯಾದ ಕರಾವಳಿಯಲ್ಲಿ, ಡಾಂಟು ಎಂಬ ಅಪರೂಪದ ರಕ್ತಗುಂಪಿನವರಿದ್ದಾರೆ. ಅವರಲ್ಲಿ ಎರಡು ಗ್ಲೈಕೋಫೋರಿನ್ ಜೀನ್‌ಗಳು ಬೆಸೆದು ಮಿಶ್ರ ಪ್ರೋಟೀನ್ ಉಂಟಾಗಿದೆ. ಈ ಜೀನ್ ರೂಪ ತೀವ್ರ ಮಲೇರಿಯಾದ ಅಪಾಯವನ್ನು ಸುಮಾರು 40 ಪ್ರತಿಶತ ಇಳಿಸುತ್ತದೆಂದು 2017ರಲ್ಲಿ ಪ್ರಕಟವಾಯಿತು, ಮತ್ತು ಕಾರಣವನ್ನು ಹುಡುಕಿದಾಗ ಆ ಕಣಗಳ ಪೊರೆ ಹೆಚ್ಚು ಬಿಗಿಯಾಗಿದೆಯೆಂದು 2020ರಲ್ಲಿ ಗೊತ್ತಾಯಿತು. ಬಿಗಿ ಒಂದು ಮಿತಿ ದಾಟಿದರೆ ಪರಾವಲಂಬಿಗೆ ಪೊರೆಯನ್ನು ಬಾಗಿಸಲಾಗುವುದಿಲ್ಲ. ಪಾಪುವಾ ನ್ಯೂಗಿನಿ ಮತ್ತು ಆಗ್ನೇಯ ಏಷ್ಯಾದ ಕೆಲವು ಸಮುದಾಯಗಳಲ್ಲಿ ಬ್ಯಾಂಡ್ 3 ಪ್ರೋಟೀನಿನ 9 ಅಮೈನೋ ಆಮ್ಲಗಳು ಜನ್ಮತಃ ಇರುವುದಿಲ್ಲ. ಅಂಥ ಅಂಡಾಕಾರದ, ಗಡುಸಾದ ಕಣಗಳಿರುವ ಮಕ್ಕಳಿಗೆ ಮಿದುಳಿನ ಮಲೇರಿಯಾದಿಂದ ಗಮನಾರ್ಹ ರಕ್ಷಣೆ ಇದೆ.

ಒಳಗೆ ಸೇರಿದ ಮೇಲೂ ಚೌಕಟ್ಟಿನ ಕತೆ ಮುಗಿಯುವುದಿಲ್ಲ. ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಪ್ರಭೇದ ತನ್ನ ಪ್ರೋಟೀನ್‌ಗಳನ್ನು ರಕ್ತಕಣದ ಬಲೆಯೊಳಕ್ಕೆ ಹೆಣೆದು ಹೊರಮೈಯಲ್ಲಿ ಸಣ್ಣ ಗುಬ್ಬಿಗಳನ್ನು ಎಬ್ಬಿಸುತ್ತದೆ. ಗುಬ್ಬಿಯ ಬುಡದ ಪ್ರೋಟೀನ್ ನೇರವಾಗಿ ಸ್ಪೆಕ್ಟ್ರಿನ್‌ಗೆ ಕಟ್ಟಿಕೊಂಡಿರುತ್ತದೆ, ಮೇಲೆ ರಕ್ತನಾಳದ ಗೋಡೆಗೆ ಅಂಟುವ ಕೊಕ್ಕೆಗಳಿರುತ್ತವೆ. ಗಡುಸಾಗಿರುವ ಈ ಕಣ ಗುಲ್ಮಕ್ಕೆ ಹೋದರೆ ಅಲ್ಲಿನ ಇಕ್ಕಟ್ಟಾದ ಸೀಳುಗಳಲ್ಲಿ ಸಿಕ್ಕಿ ನಾಶವಾಗುತ್ತದೆ. ಆದ್ದರಿಂದ ಅದು ಹರಿಯುವುದನ್ನೇ ಬಿಟ್ಟು ನಾಳದ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ. ಮಿದುಳಿನ ಮತ್ತು ಗರ್ಭಕೋಶದ ಮಾಸಿನ ರಕ್ತನಾಳಗಳಲ್ಲಿ ಹೀಗೆ ಆದಾಗಲೇ ಜೀವಕ್ಕೆ ಅಪಾಯ. ವೈವಾಕ್ಸ್ ಪ್ರಭೇದ ಇದಕ್ಕೆ ತದ್ವಿರುದ್ಧ: ಅದು ಎಳೆಯ ಕಣಗಳನ್ನು ಆರಿಸಿಕೊಂಡು, ಅವುಗಳ ಚೌಕಟ್ಟನ್ನು ಇನ್ನಷ್ಟು ಮೆದುವಾಗಿಸಿ, ಗುಲ್ಮದ ಸೀಳುಗಳನ್ನು ದಾಟಿ ಹೋಗುತ್ತದೆ. ಒಂದೇ ಅಡ್ಡಿಗೆ ಎರಡು ಪ್ರಭೇದಗಳು ಎರಡು ಉತ್ತರ ಕಂಡುಕೊಂಡಿವೆ.

ನನ್ನ ಏಳು ವರ್ಷದ ಮಗನಿಗೆ ಸಿಕಲ್ ಸೆಲ್ ವಾಹಕ ಎಂದು ತಪಾಸಣೆಯಲ್ಲಿ ಬಂದಿದೆ. ವಾಹಕರಿಗೆ ಮಲೇರಿಯಾ ಬರುವುದಿಲ್ಲ, ಹಾಗಾಗಿ ಹೆದರಬೇಡಿ ಎಂದು ಊರಿನವರು ಹೇಳುತ್ತಾರೆ. ನಿಜವೇ? — ತಾಯಿ, ಚಾಮರಾಜನಗರ ಜಿಲ್ಲೆ

ತಾಯಿ, ಮೊದಲು ಸಮಾಧಾನದ ಮಾತು ಹೇಳುತ್ತೇನೆ. ವಾಹಕನಾಗಿರುವುದು, ಅಂದರೆ ಹಿಮೋಗ್ಲೋಬಿನ್‌ನ ಬದಲಾದ ಜೀನ್ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿರುವುದು, ಕಾಯಿಲೆಯಲ್ಲ. ನಿಮ್ಮ ಮಗ ಎಲ್ಲ ಮಕ್ಕಳಂತೆ ಓದಿ ಆಡಿ ಬೆಳೆಯಬಹುದು. ಆದರೆ ಊರಿನವರ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ, ಮತ್ತು ಉಳಿದ ಅರ್ಧವನ್ನು ನಂಬಿ ಸೊಳ್ಳೆ ಪರದೆಯನ್ನು ಮಡಚಿಡಬಾರದು.

1954ರಲ್ಲಿ ಆಂಥೊನಿ ಆಲಿಸನ್ ಅವರು ಪೂರ್ವ ಆಫ್ರಿಕಾದಲ್ಲಿ ತೋರಿಸಿದ್ದು ಇದು: ವಾಹಕ ಮಕ್ಕಳಿಗೆ ಫಾಲ್ಸಿಪಾರಂ ಮಲೇರಿಯಾದ ವಿರುದ್ಧ ರಕ್ಷಣೆ ಇದೆ. ಆಮೇಲಿನ ದೊಡ್ಡ ಅಧ್ಯಯನಗಳ ಪ್ರಕಾರ ತೀವ್ರ ಸ್ವರೂಪದ ಮಲೇರಿಯಾದ ಅಪಾಯ ಅವರಲ್ಲಿ ಸುಮಾರು 90 ಪ್ರತಿಶತ ಕಡಿಮೆ. ಪರಾವಲಂಬಿ ಅವರ ರಕ್ತಕ್ಕೆ ಬಂದೇ ಬರುತ್ತದೆ, ಜ್ವರವೂ ಬರಬಹುದು. ಕಡಿಮೆಯಾಗುವುದು ಅದು ವಿಕೋಪಕ್ಕೆ ಹೋಗುವ ಸಂಭವ.

ಇದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಒಂದು ಕಣದ ಚೌಕಟ್ಟಿಗೇ ಸೇರಿದ್ದು. ಮೇಲೆ ಹೇಳಿದ ಕೊಕ್ಕೆಗಳನ್ನು ಕಣದ ಹೊರಮೈಗೆ ಸಾಗಿಸಲು ಪರಾವಲಂಬಿಗೆ ಸಾರಿಗೆ ವ್ಯವಸ್ಥೆ ಬೇಕು, ಆದರೆ ಕೆಂಪು ಕಣದಲ್ಲಿ ಅಂಥದ್ದು ಉಳಿದಿರುವುದಿಲ್ಲ. ಆಗ ಅದು ಬಲೆಯ ಗಂಟುಗಳಿಂದ ಆಕ್ಟಿನನ್ನು ಕಿತ್ತು, ಉದ್ದ ಎಳೆಗಳಾಗಿ ಜೋಡಿಸಿಕೊಂಡು, ಅವುಗಳ ಆಧಾರದಲ್ಲಿ ತನ್ನ ಸರಕನ್ನು ಮೇಲ್ಮೈಗೆ ಮುಟ್ಟಿಸುತ್ತದೆ. 2011ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಘನೀಕರಿಸಿದ ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸಿಕಲ್ ಬಗೆಯ ಎಸ್ ಹಿಮೋಗ್ಲೋಬಿನ್ ಜೊತೆಗೆ ಸಿ ಎಂಬ ಇನ್ನೊಂದು ಬದಲಾದ ಬಗೆಯ ಹಿಮೋಗ್ಲೋಬಿನ್ ಸೇರಿದ್ದ ಕಣಗಳಲ್ಲಿ, ಹಾಗೂ ಸಿ ಮಾತ್ರ ಇದ್ದ ಕಣಗಳಲ್ಲಿ, ಈ ಎಳೆಗಳು ಸರಿಯಾಗಿ ಕಟ್ಟಿಕೊಂಡಿರಲಿಲ್ಲ. ಆ ಹಿಮೋಗ್ಲೋಬಿನ್ ಕೆಟ್ಟಾಗ ಹುಟ್ಟುವ ವಸ್ತುಗಳು ಆಕ್ಟಿನ್ ಜೋಡಣೆಗೆ ಅಡ್ಡ ಬರುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಒಂದೇ ಒಂದು ಎಸ್ ಜೀನ್ ಇರುವ ವಾಹಕರ ಕಣಗಳಲ್ಲೂ ಹೊರಮೈಯ ಕೊಕ್ಕೆಗಳು ಕಡಿಮೆ ಇರುವುದು, ನಾಳದ ಗೋಡೆಗೆ ಅಂಟುವ ಶಕ್ತಿ ಕುಗ್ಗಿರುವುದು ಬೇರೆ ಅಧ್ಯಯನಗಳಲ್ಲಿ ಕಂಡಿದೆ.

ಈ ಪುರಾವೆಗಳೆಲ್ಲ ಮುಖ್ಯವಾಗಿ ಆಫ್ರಿಕಾದ ಫಾಲ್ಸಿಪಾರಂಗೆ ಸೇರಿದವು, ಆದರೆ ನಮ್ಮಲ್ಲಿ ವೈವಾಕ್ಸ್ ಕೂಡ ವ್ಯಾಪಕವಾಗಿದೆ. ಆದ್ದರಿಂದ ಮಗುವಿಗೆ ಜ್ವರ ಬಂದರೆ ವಾಹಕನೆಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು ಮನಸ್ಸಿನಲ್ಲಿರಲಿ: ತಂದೆ ತಾಯಿ ಇಬ್ಬರಿಂದಲೂ ಈ ಜೀನ್ ಬಂದು ಸಿಕಲ್ ಸೆಲ್ ಕಾಯಿಲೆಯೇ ಇರುವ ಮಕ್ಕಳಿಗೆ ಮಲೇರಿಯಾ ರಕ್ಷಣೆಯ ಮಾತಲ್ಲ, ದೊಡ್ಡ ಅಪಾಯ. ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಜೀನ್ ಇರುವುದು 1952ರಲ್ಲೇ ದಾಖಲಾಗಿದೆ. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ನಿಮ್ಮ ಮಗನಿಗೆ ಕೊಟ್ಟಿರುವ ತಪಾಸಣಾ ಕಾರ್ಡನ್ನು ಜೋಪಾನವಾಗಿಡಿ. ಮುಂದೆ ಮದುವೆಯ ಮಾತು ಬಂದಾಗ ಅದು ನಿಜವಾಗಿ ಬೇಕಾಗುತ್ತದೆ, ಏಕೆಂದರೆ ಇಬ್ಬರು ವಾಹಕರು ದಂಪತಿಯಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಸೈಟೋಕಲಾಸಿನ್ ಹಾಕಿದರೆ ಟಾಕ್ಸೊಪ್ಲಾಸ್ಮಾ ಒಳಹೊಗುವುದು ನಿಲ್ಲುತ್ತದೆ ಎಂದು ಒಂದು ಲೇಖನ, ಟ್ರಿಪನೊಸೋಮಾ ಕ್ರೂಜಿ ಒಳಹೊಗುವುದು ಹೆಚ್ಚುತ್ತದೆ ಎಂದು ಇನ್ನೊಂದು ಲೇಖನ. ಯಾವುದನ್ನು ನಂಬಬೇಕು? — ಎಂ.ಎಸ್‌ಸಿ. ವಿದ್ಯಾರ್ಥಿ, ಮೈಸೂರು

ಎರಡನ್ನೂ ನಂಬಬೇಕು, ಆದರೆ ಯಾರ ಆಕ್ಟಿನ್ ಎಂದು ಕೇಳಿಕೊಂಡು ನಂಬಬೇಕು. ಟಾಕ್ಸೊಪ್ಲಾಸ್ಮಾ, ಟ್ರಿಪನೊಸೋಮಾ ಕ್ರೂಜಿ ಎರಡೂ ಕೋಶದೊಳಗೆ ಬದುಕುವ ಏಕಕೋಶ ಪರಾವಲಂಬಿಗಳು. ಪರಾವಲಂಬಿಗೂ ಆಕ್ಟಿನ್ ಇದೆ, ಕೋಶಕ್ಕೂ ಇದೆ. ದ್ರಾವಣಕ್ಕೆ ಹಾಕಿದ ರಾಸಾಯನಿಕ ಎರಡಕ್ಕೂ ತಾಗುತ್ತದೆ. ಈ ಗೊಂದಲವನ್ನು ಬಿಡಿಸಿದ 1996ರ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಅದರ ಯೋಚನೆ ಅಷ್ಟು ಚೊಕ್ಕವಾಗಿದೆ. ಡೊಬ್ರೊವೊಲ್ಸ್ಕಿ ಮತ್ತು ಸಿಬ್ಲಿ ಅವರು ಸೈಟೋಕಲಾಸಿನ್‌ಗೆ ಜಗ್ಗದ ಕೋಶಗಳನ್ನು ಒಂದು ಕಡೆ, ಸೈಟೋಕಲಾಸಿನ್‌ಗೆ ಜಗ್ಗದ ಟಾಕ್ಸೊಪ್ಲಾಸ್ಮಾವನ್ನು ಇನ್ನೊಂದು ಕಡೆ ಇಟ್ಟುಕೊಂಡರು. ಕೋಶ ಜಗ್ಗದಿದ್ದರೂ ಪರಾವಲಂಬಿ ಜಗ್ಗಿದರೆ ಸೋಂಕು ನಿಂತಿತು. ಕೋಶ ಜಗ್ಗಿ ಪರಾವಲಂಬಿ ಜಗ್ಗದಿದ್ದರೆ ಸೋಂಕು ಮುಂದುವರಿಯಿತು. ಒಳಹೊಗುವ ಬಲ ಪರಾವಲಂಬಿಯ ಆಕ್ಟಿನ್‌ನದು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಆದರೂ ಕೋಶದ ಆಕ್ಟಿನ್ ಅಲ್ಲಿ ಬರೀ ಪ್ರೇಕ್ಷಕನಲ್ಲ. 2009ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಂಡ, ಟಾಕ್ಸೊಪ್ಲಾಸ್ಮಾ ನುಗ್ಗುವ ಉಂಗುರದ ಸುತ್ತ ಕೋಶದ ಆಕ್ಟಿನ್ ಹೊಸದಾಗಿ ಕೂಡುವುದನ್ನು ತೋರಿಸಿತು. ಪರಾವಲಂಬಿ ಒತ್ತಿ ಮುನ್ನಡೆಯಲು ಉಂಗುರ ಕದಲದೆ ನಿಲ್ಲಬೇಕು. ಆ ಆಸರೆಯನ್ನು ಕೋಶವೇ ಒದಗಿಸಿಬಿಡುತ್ತದೆ. ಮತ್ತೊಂದೆಡೆ ಟಾಕ್ಸೊಫಿಲಿನ್ ಎಂಬ ಪ್ರೋಟೀನನ್ನು ಕೋಶದೊಳಗೆ ಸುರಿದು, ಪೊರೆಯ ಅಡಿಯ ದಟ್ಟ ಆಕ್ಟಿನನ್ನು ಅದು ಸಡಿಲಿಸುತ್ತದೆ. ಒಂದೆಡೆ ಸಡಿಲ, ಒಂದೆಡೆ ಬಿಗಿ, ಅದೂ ಕೆಲವು ಸೆಕೆಂಡುಗಳಲ್ಲಿ. ಒಳಗೆ ನೆಲೆಸಿದ ಮೇಲೆ ಕೋಶದ ಮೈಕ್ರೋಟ್ಯೂಬ್ಯೂಲ್‌ಗಳು, ಅಂದರೆ ಚೌಕಟ್ಟಿನ ಟೊಳ್ಳು ಕೊಳವೆಯಂಥ ಎಳೆಗಳು, ಪರಾವಲಂಬಿಯ ಚೀಲವನ್ನು ಸುತ್ತಿಕೊಳ್ಳುತ್ತವೆ, ಮತ್ತು ಅವುಗಳ ಗುಂಟ ಬರುವ ಕೋಶದ ಪೋಷಕಾಂಶದ ಚೀಲಗಳು ಪರಾವಲಂಬಿಯ ಬಳಿ ಸೇರುತ್ತವೆ.

ಟ್ರಿಪನೊಸೋಮಾ ಕ್ರೂಜಿಯ ದಾರಿಯೇ ಬೇರೆ. 1909ರಲ್ಲಿ ಬ್ರೆಜಿಲ್‌ನ ಲಸ್ಸಾನ್ಸಿ ಎಂಬ ರೈಲ್ವೆ ಊರಿನಲ್ಲಿ ಕಾರ್ಲೋಸ್ ಶಾಗಸ್ ಗುರುತಿಸಿದ ಈ ಪರಾವಲಂಬಿ, ಪೊರೆಗೆ ತಾಗಿ ಕೋಶದೊಳಗೆ ಕ್ಯಾಲ್ಸಿಯಂ ಏರುವಂತೆ ಮಾಡುತ್ತದೆ. ಆಗ ಕೋಶದ ಲೈಸೋಸೋಮ್‌ಗಳು, ಅಂದರೆ ಜೀರ್ಣಕಿಣ್ವಗಳ ಪುಟ್ಟ ಚೀಲಗಳು, ಮೈಕ್ರೋಟ್ಯೂಬ್ಯೂಲ್‌ಗಳ ಮೇಲೆ ಸಾಗಿ ಬಂದು ಆ ಜಾಗದಲ್ಲಿ ಪೊರೆಯೊಂದಿಗೆ ಬೆರೆಯುತ್ತವೆ. ಪರಾವಲಂಬಿ ಆ ಪೊರೆಯನ್ನೇ ಹೊದ್ದು ಒಳಗೆ ಬರುತ್ತದೆ. ಪೊರೆಯ ಅಡಿಯ ಆಕ್ಟಿನ್ ಪದರ ಲೈಸೋಸೋಮ್‌ಗಳಿಗೆ ಅಡ್ಡಗೋಡೆ. ಸೈಟೋಕಲಾಸಿನ್ ಆ ಗೋಡೆಯನ್ನು ತೆಗೆದಾಗ ಸೋಂಕು ಹೆಚ್ಚುವುದರಲ್ಲಿ ಅಚ್ಚರಿಯಿಲ್ಲ. ನಿಮ್ಮ ಪ್ರಬಂಧದಲ್ಲಿ ‘ಆಕ್ಟಿನ್ ಸೋಂಕಿಗೆ ಬೇಕು’ ಅಥವಾ ‘ಬೇಡ’ ಎಂದು ಬರೆಯುವ ಬದಲು, ಯಾವ ಪರಾವಲಂಬಿ, ಯಾರ ಆಕ್ಟಿನ್, ಯಾವ ಹಂತ ಎಂಬ ಮೂರನ್ನೂ ವಾಕ್ಯದಲ್ಲೇ ತನ್ನಿ.

ನಮ್ಮ ಎಚ್.ಎಫ್. ಮಿಶ್ರತಳಿ ಹಸುವಿಗೆ ಥೈಲೇರಿಯಾ ಬಂದು ಬದುಕಿಕೊಂಡಿತು. ಇದು ಉಣ್ಣೆಯಿಂದ ಬರುವ, ಕ್ಯಾನ್ಸರ್‌ನಂಥ ರೋಗ ಎಂದು ಪಶುವೈದ್ಯರು ಹೇಳಿದರು. ಉಣ್ಣೆ ಕಚ್ಚಿದರೆ ಕ್ಯಾನ್ಸರ್ ಹೇಗೆ ಬರುತ್ತದೆ? — ಹೈನುಗಾರರು, ತುಮಕೂರು ಜಿಲ್ಲೆ

ನಿಮ್ಮ ಪಶುವೈದ್ಯರು ಸರಿಯಾದ ಮಾತನ್ನೇ ಹೇಳಿದ್ದಾರೆ, ಮತ್ತು ಕೋಶದ ಚೌಕಟ್ಟನ್ನು ಪರಾವಲಂಬಿ ಬಳಸಿಕೊಳ್ಳುವ ಅತ್ಯಂತ ವಿಸ್ಮಯದ ಉದಾಹರಣೆ ನಿಮ್ಮ ಕೊಟ್ಟಿಗೆಯಲ್ಲೇ ನಡೆದುಹೋಗಿದೆ.

ಉಣ್ಣೆಯ ಜೊಲ್ಲಿನಿಂದ ಬಂದ ಥೈಲೇರಿಯಾ ಆನ್ಯುಲೇಟಾ ಹಸುವಿನ ಬಿಳಿ ರಕ್ತಕಣವನ್ನು ಹೊಗುತ್ತದೆ. ಮಲೇರಿಯಾ ಅಥವಾ ಟಾಕ್ಸೊಪ್ಲಾಸ್ಮಾ ಪರಾವಲಂಬಿಯ ಹಾಗೆ ಅದು ಚೀಲದೊಳಗೇ ಉಳಿದುಬಿಡುವುದಿಲ್ಲ. ಸುತ್ತಿದ ಪೊರೆಯನ್ನು ಬೇಗನೆ ಕರಗಿಸಿ ಕೋಶರಸದಲ್ಲಿ ಬರಿಮೈಯಲ್ಲಿ ನಿಲ್ಲುತ್ತದೆ, ಮತ್ತು ಕೂಡಲೇ ಕೋಶದ ಮೈಕ್ರೋಟ್ಯೂಬ್ಯೂಲ್‌ಗಳನ್ನು ತನ್ನ ಸುತ್ತ ಸೆಳೆದುಕೊಳ್ಳುತ್ತದೆ. ಆಮೇಲೆ ಹಲವು ನ್ಯೂಕ್ಲಿಯಸ್‌ಗಳಿರುವ ದೊಡ್ಡ ರೂಪಕ್ಕೆ ಬೆಳೆದು, ಆ ಬಿಳಿ ಕಣಕ್ಕೆ ಬಿಡುವಿಲ್ಲದೆ ಇಬ್ಭಾಗವಾಗುತ್ತಿರುವಂತೆ ಸಂಕೇತ ಕೊಡುತ್ತದೆ. ಊದಿದ ದುಗ್ಧಗ್ರಂಥಿಯಿಂದ ಸೂಜಿಯಲ್ಲಿ ತೆಗೆದ ದ್ರವವನ್ನು ಗಾಜಿನ ಮೇಲೆ ಸವರಿ, ಗೀಮ್ಸಾ ಬಣ್ಣ ಹಾಕಿ ನೋಡಿದರೆ, ಬಿಳಿ ಕಣಗಳ ಒಳಗೆ ನೀಲಿ ಮೈಯಲ್ಲಿ ಕೆಂಪು ಚುಕ್ಕೆಗಳಿರುವ ಗುಂಪುಗಳು ಕಾಣುತ್ತವೆ. ಕಾಖ್‌ನ ನೀಲಕಾಯಗಳು ಎಂದು ಪಶುವೈದ್ಯರು ಗುರುತಿಸುವುದು ಇವನ್ನೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕೋಶ ಎರಡಾಗುವಾಗ ಪರಾವಲಂಬಿ ಒಂದರಲ್ಲೇ ಉಳಿದುಬಿಟ್ಟರೆ ಇನ್ನೊಂದು ಅದರ ಕೈತಪ್ಪುವುದಿಲ್ಲವೇ? ಕೋಶ ಒಡೆಯುವಾಗ ಮೈಕ್ರೋಟ್ಯೂಬ್ಯೂಲ್‌ಗಳು ಕದಿರಿನ ಆಕಾರದಲ್ಲಿ ಹೂಡಿಕೊಂಡು ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುತ್ತವೆ. ಥೈಲೇರಿಯಾ ತನ್ನ ಹೊರಮೈಯಲ್ಲಿ ಕೋಶದ ಕೆಲವು ಪ್ರೋಟೀನ್‌ಗಳನ್ನು ಹಿಡಿದಿಟ್ಟುಕೊಂಡು, ಅವುಗಳ ಮೂಲಕ ಈ ಕದಿರಿಗೇ ಅಂಟಿ, ಕ್ರೋಮೋಸೋಮ್‌ಗಳ ಸಾಲಿನಲ್ಲಿ ತಾನೂ ಅಡ್ಡಲಾಗಿ ನಿಲ್ಲುತ್ತದೆ. ಕೋಶ ನಡುವೆ ಕತ್ತರಿಸಿಕೊಂಡಾಗ ಅದರ ಮೈಯೂ ಎರಡು ಪಾಲಾಗುತ್ತದೆ; ಮರಿ ಕೋಶಗಳೆರಡಕ್ಕೂ ಒಂದೊಂದು ಪಾಲು. ಹೊರಗೆ ಬಂದು ಹೊಸ ಕೋಶವನ್ನು ಹುಡುಕುವ ಅಪಾಯವೇ ಇಲ್ಲದೆ ಅದು ಹೀಗೆ ಹೆಚ್ಚುತ್ತ ಹೋಗುತ್ತದೆ.

ಆದರೆ ನಿಜವಾದ ಕ್ಯಾನ್ಸರ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದೇ ನಿಮ್ಮ ಹಸುವನ್ನು ಉಳಿಸಿದ್ದು. ಇಲ್ಲಿ ಕೋಶದ ಜೀನ್ ಕೆಟ್ಟಿರುವುದಿಲ್ಲ. ಬುಪಾರ್ವಕ್ವೋನ್ ಚುಚ್ಚುಮದ್ದು ಪರಾವಲಂಬಿಯನ್ನು ಕೊಂದರೆ ಕೋಶ ಬೆಳೆಯುವ ಹುಚ್ಚನ್ನು ತಾನೇ ಬಿಡುತ್ತದೆ. ತಡವಾದಷ್ಟೂ ಪರಾವಲಂಬಿ ಕೆಂಪು ಕಣಗಳಿಗೂ ಹರಡಿ ರಕ್ತಹೀನತೆ ಹೆಚ್ಚುವುದರಿಂದ, ಜ್ವರ ಮತ್ತು ದುಗ್ಧಗ್ರಂಥಿಯ ಊತ ಕಂಡ ಕೂಡಲೇ ವೈದ್ಯರನ್ನು ಕರೆಸುವುದು ಮುಖ್ಯ. ದೇಶಿ ತಳಿಗಳಲ್ಲಿ ಸೋಂಕು ತಗುಲಿದರೂ ರೋಗ ಇಷ್ಟು ಉಲ್ಬಣಿಸುವುದು ಕಡಿಮೆ, ಎಚ್.ಎಫ್. ಮತ್ತು ಜರ್ಸಿ ಮಿಶ್ರತಳಿಗಳಿಗೇ ಹೆಚ್ಚು ಕಾಟ. ಈ ರೋಗ ತರುವ ಉಣ್ಣೆಗಳು ಹಸುವಿನ ಮೈಯಲ್ಲಷ್ಟೇ ಅಲ್ಲ, ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲೂ ಅಡಗಿರುತ್ತವೆ. ಮೈಗೆ ಔಷಧಿ ಹಚ್ಚಿ ಬಿರುಕುಗಳನ್ನು ಹಾಗೇ ಬಿಟ್ಟರೆ ಕೆಲವೇ ವಾರಗಳಲ್ಲಿ ಅವು ಮತ್ತೆ ಹತ್ತುತ್ತವೆ. ಬಿರುಕುಗಳನ್ನು ಗಾರೆಯಿಂದ ಮುಚ್ಚಿಸಿ. ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಿ ಸೌಮ್ಯಗೊಳಿಸಿದ, ಇದೇ ಪರಾವಲಂಬಿಯಿರುವ ಬಿಳಿ ಕಣಗಳಿಂದ ತಯಾರಾದ ಲಸಿಕೆಯೂ ಭಾರತದಲ್ಲಿ ಬಳಕೆಗೆ ಬಂದಿದೆ. ಮುಂದಿನ ಕರುಗಳಿಗೆ ಅದು ಹೊಂದುತ್ತದೆಯೇ ಎಂದು ನಿಮ್ಮ ಪಶುವೈದ್ಯರನ್ನು ಕೇಳಿ.

ಪರಾವಲಂಬಿಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ ಎನ್ನುತ್ತಾರೆ. ಹಾಗಾದರೆ ಅವು ಬಳಸುವ ನಮ್ಮ ಕೋಶದ ಚೌಕಟ್ಟಿಗೇ ಔಷಧಿ ಕೊಡಬಾರದೇಕೆ? — ನಿವೃತ್ತ ಶಿಕ್ಷಕರು, ಮಂಗಳೂರು

ಗುರುಗಳೇ, ಇದು ಸಂಶೋಧಕರೂ ಕೇಳಿಕೊಂಡ ಪ್ರಶ್ನೆ. ನೇರವಾಗಿ ಆಕ್ಟಿನ್ ಅಥವಾ ಮೈಕ್ರೋಟ್ಯೂಬ್ಯೂಲ್‌ಗೆ ಹೊಡೆಯುವ ಔಷಧಿಗಳಿಂದ ಆಗದು, ಏಕೆಂದರೆ ನಮ್ಮ ಕರುಳು, ಮಜ್ಜೆ, ನರ ಎಲ್ಲವೂ ಅದೇ ಎಳೆಗಳ ಮೇಲೆ ನಿಂತಿವೆ. ಮೈಕ್ರೋಟ್ಯೂಬ್ಯೂಲ್‌ಗೆ ತಾಗುವ ಕಾಲ್ಚಿಸಿನ್ ಗೌಟ್ ಎಂಬ ಬಗೆಯ ಸಂಧಿವಾತಕ್ಕೆ ಬಳಕೆಯಲ್ಲಿದ್ದರೂ ಪ್ರಮಾಣ ಸ್ವಲ್ಪ ಮೀರಿದರೆ ವಿಷ.

ಆದರೆ ಕೆಂಪು ಕಣದ ಬಲೆಯ ಬಳಿ ಒಂದು ಸಂದು ಸಿಕ್ಕಿದೆ. 48 ಗಂಟೆಗಳ ಕೊನೆಗೆ 16ರಿಂದ 32 ಮರಿಗಳಾಗಿ ಹೊರಬರಬೇಕಾದ ಫಾಲ್ಸಿಪಾರಂಗೆ ಈ ಬಲೆ ಮತ್ತೆ ಅಡ್ಡಿಯಾಗುತ್ತದೆ. ಕೋಶದ್ದೇ ಆದ ಕಾಲ್ಪೇನ್ ಎಂಬ ಕಿಣ್ವ ಸ್ಪೆಕ್ಟ್ರಿನನ್ನು ಕತ್ತರಿಸಲು ನೆರವಾಗುತ್ತದೆಂದು 2009ರಲ್ಲಿ ತಿಳಿಯಿತು. ಅದಲ್ಲದೆ ಕೋಶದ ಇನ್ನೊಂದು ಕಿಣ್ವ ಬ್ಯಾಂಡ್ 3 ಮೇಲೆ ಫಾಸ್ಫೇಟ್ ಗುರುತು ಹಾಕಿದಾಗ ಅದು ಬಲೆಯಿಂದ ಕಳಚಿಕೊಂಡು ಪೊರೆ ದುರ್ಬಲವಾಗುತ್ತದೆ. ಈ ಎರಡನೆಯ ಕಿಣ್ವವನ್ನು ತಡೆಯಲು ಒಂದು ಹಳೆಯ ಔಷಧಿಗೆ ಸಾಧ್ಯವಿದೆ: 2001ರಿಂದ ರಕ್ತದ ಒಂದು ಬಗೆಯ ಕ್ಯಾನ್ಸರ್‌ಗೆ ಕೊಡುತ್ತಿರುವ ಇಮ್ಯಾಟಿನಿಬ್. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ ಮೇಲೆ ನಮ್ಮ ದೇಶದಲ್ಲಿ ಅದು ಅಗ್ಗದ ಜೆನೆರಿಕ್ ರೂಪದಲ್ಲೇ ಸಿಗುತ್ತ ಬಂದಿದೆ. ಅದನ್ನು ಹಾಕಿದಾಗ ಪ್ರಯೋಗಾಲಯದಲ್ಲಿ ಬಲಿತ ಪರಾವಲಂಬಿ ಕೆಂಪು ಕಣದೊಳಗೇ ಸಿಕ್ಕಿಬಿದ್ದು ಸತ್ತಿತು. ವಿಯೆಟ್ನಾಂನಲ್ಲಿ ಎಂದಿನ ಮಲೇರಿಯಾ ಔಷಧಿಗಳ ಜೊತೆಗೆ ಮೂರು ದಿನ ಇಮ್ಯಾಟಿನಿಬ್ ಕೊಟ್ಟ ಸಣ್ಣ ಪ್ರಯೋಗದಲ್ಲಿ ರೋಗಿಗಳ ರಕ್ತದಿಂದ ಪರಾವಲಂಬಿ ಬೇಗನೆ ಮಾಯವಾಯಿತು. 2021ರಲ್ಲಿ ಈ ಫಲಿತಾಂಶ ಪ್ರಕಟವಾಗಿದೆ.

ಪರಾವಲಂಬಿ ತನ್ನ ಜೀನನ್ನು ಬದಲಿಸಿಕೊಳ್ಳಬಹುದು, ನಮ್ಮ ಕಿಣ್ವದ ಜೀನನ್ನು ಬದಲಿಸಲಾರದು. ನಿಮ್ಮ ತರ್ಕದ ಬಲ ಇರುವುದು ಅಲ್ಲೇ. ಹಾಗೆಂದು ಇದು ಇನ್ನೂ ಚಿಕಿತ್ಸೆಯಾಗಿಲ್ಲ. ಗರ್ಭಿಣಿಯರಿಗೆ ಇಮ್ಯಾಟಿನಿಬ್ ಸಲ್ಲದು, ಮತ್ತು ಮಲೇರಿಯಾದಿಂದ ಹೆಚ್ಚು ಸಾಯುವ ಐದು ವರ್ಷದೊಳಗಿನ ಮಕ್ಕಳಲ್ಲಿ ಅದನ್ನು ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ. ಅಲ್ಲಿಯವರೆಗೆ ಮಂಗಳೂರಿನಲ್ಲಿ ಜ್ವರ ಬಂದವರು ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಎಂದು ಬಂದರೆ ಕ್ಲೋರೊಕ್ವಿನ್ ಜೊತೆಗೆ ವೈದ್ಯರು ಬರೆದುಕೊಡುವ 14 ದಿನಗಳ ಪ್ರೈಮಾಕ್ವಿನ್ ಅನ್ನು, ಮೂರನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸದೆ, ಕೊನೆಯ ಮಾತ್ರೆಯವರೆಗೂ ನುಂಗಬೇಕು. ಯಕೃತ್ತಿನಲ್ಲಿ ನಿದ್ರಿಸುವ ವೈವಾಕ್ಸ್‌ಗೆ ತಾಗುವುದು ಆ ಮಾತ್ರೆಯೇ.